ಐವತ್ತು ರೂಪಾಯಿಯ ಗೌರವ

ಹೋದ ವರ್ಷ, ಅಂದರೆ 2025ರ ಜನವರಿಯಲ್ಲಿ, ನಮ್ಮ ಅತ್ತಿಗೆ ಬೆಂಗಳೂರಿಗೆ ಬಂದಿದ್ದರು. ಶಿರಾ ತಾಲೂಕಿನ ನಮ್ಮೂರಿನಲ್ಲಿ ಅವರು ಆಶಾ ಕಾರ್ಯಕರ್ತೆ. ಜನವರಿ 7ರಿಂದ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರ ಧರಣಿ ಶುರುವಾಗಿತ್ತು. ಮೊದಲ ರಾತ್ರಿ ಅವರೂ ಉಳಿದವರ ಜೊತೆ ಅಲ್ಲೇ ಮಲಗಿದರು. ಎರಡನೆಯ ರಾತ್ರಿ ಚಳಿಗೆ ಕೆಮ್ಮು ಹತ್ತಿ, ಜೊತೆಯವರೇ ಬಲವಂತ ಮಾಡಿ ನಮ್ಮ ಮನೆಗೆ ಕಳಿಸಿದರು. ಊಟ ಮುಗಿಸಿ ಕೂತವರು ಚೀಲದಿಂದ ನಾಲ್ಕು ಮಡಿಕೆಯ ಒಂದು ಫಾರಂ ತೆಗೆದು ನನ್ನ ಮುಂದಿಟ್ಟರು.

‘ಒಂದ್ಸಲ ಕೂಡಿ ನೋಡಪ್ಪ. ಕನ್ನಡಕ ಊರಲ್ಲೇ ಬಿಟ್ಟು ಬಂದಿದೀನಿ.’

ಅದು ಹಿಂದಿನ ತಿಂಗಳು ಮಾಡಿದ ಕೆಲಸದ ಲೆಕ್ಕ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ಮಗುವನ್ನು ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ, ಹೀಗೆ ನಲವತ್ತೆರಡನೆಯ ದಿನದವರೆಗೆ ಆರು ಸಲ ಮನೆಗೆ ಹೋಗಿ ನೋಡಿ ಬಂದರೆ 250 ರೂಪಾಯಿ. ಮಗುವಿಗೆ ಒಂದು ವರ್ಷದೊಳಗಿನ ಚುಚ್ಚುಮದ್ದೆಲ್ಲ ಮುಗಿದರೆ 100. ಪ್ರಾಥಮಿಕ ಆರೋಗ್ಯ ಕೇಂದ್ರದ ತಿಂಗಳ ಸಭೆಗೆ ಹೋದರೆ 150. ಕ್ಷಯ ರೋಗಿಯೊಬ್ಬರು ಪೂರ್ತಿ ಔಷಧ ಮುಗಿಸುವ ಹಾಗೆ ನೋಡಿಕೊಂಡರೆ 1,000. ನಾನು ಕೂಡುತ್ತಾ ಹೋದೆ. ಆರು ಭೇಟಿಗೆ 250 ಎಂದರೆ ಒಂದು ಭೇಟಿಗೆ ನಲವತ್ತೆರಡು ರೂಪಾಯಿಯೂ ಬೀಳುವುದಿಲ್ಲ. ಎರಡು ಸಲ ಕೂಡಿದರೂ ಅಷ್ಟೇ ಬಂತು.

ಹಾಳೆಯ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಗೌರವಧನ, ಪ್ರೋತ್ಸಾಹಧನ ಎಂದಿತ್ತು. ಅತ್ತಿಗೆ ಅದರ ಮೇಲೆ ಬೆರಳಿಟ್ಟು ಕೇಳಿದರು: ‘ನೀನು ಹಿಸ್ಟರಿ ಮೇಷ್ಟ್ರಲ್ವಾ, ಹೇಳು. ನಿನಗೆ ಬರೋದು ಸಂಬಳ. ನಮ್ಮ ಸಿಸ್ಟರ್‌ಗೆ ಬರೋದೂ ಸಂಬಳ. ನಮಗೆ ಮಾತ್ರ ಗೌರವಧನ ಅಂತ ಮೊದಲು ಬರೆದೋರು ಯಾರು?’

ನಾನು ನಕ್ಕು ಸುಮ್ಮನಾದೆ. ಇಪ್ಪತ್ತು ವರ್ಷ ಇತಿಹಾಸ ಪಾಠ ಮಾಡಿದವನ ಹತ್ತಿರ ಉತ್ತರ ಇರಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಹುಡುಕಿದ ಉತ್ತರ.

*

ಸಾಹಿತ್ಯದ ವಲಯದಲ್ಲಿರುವ ನಮಗೆ ಗೌರವಧನ ಹೊಸ ಪದವಲ್ಲ. ಕವಿಗೋಷ್ಠಿಯಲ್ಲಿ ಪದ್ಯ ಓದಿದರೆ ಶಾಲು, ಹಾರದ ಜೊತೆ ಒಂದು ಕವರು ಕೊಡುತ್ತಾರೆ. ಅದನ್ನು ಅಲ್ಲೇ ಒಡೆದು ಎಣಿಸುವುದು ಮರ್ಯಾದೆಯಲ್ಲ. ಇಂಗ್ಲಿಷಿನ ‘ಆನರೇರಿಯಂ’ ಎಂಬುದರ ಕನ್ನಡ ಅದು. ಆ ಪದ ಬಂದದ್ದು ಲ್ಯಾಟಿನ್ನಿನಿಂದ. ಹಳೆಯ ರೋಮಿನಲ್ಲಿ ವಕೀಲಿಯಂಥ ಪ್ರತಿಷ್ಠಿತ ಕೆಲಸ ಮಾಡುವವರು ಕೂಲಿ ಕೇಳುವಂತಿರಲಿಲ್ಲ. ಕೂಲಿ ಕೇಳುವುದು ಕೈಕೆಲಸದವರ ಲಕ್ಷಣ. ಹಾಗಾಗಿ ಕಕ್ಷಿದಾರ ತಾನಾಗಿಯೇ ಗೌರವಕ್ಕೆಂದು ಏನಾದರೂ ಕೊಡುತ್ತಿದ್ದ. ಅಂದರೆ ಅದು ಮೂಲದಲ್ಲಿ ಹಣದ ಗರಜು ಇಲ್ಲದವರಿಗಾಗಿ ಹುಟ್ಟಿದ ಪದ. ಅಂಥ ಪದ ಶಿರಾ ತಾಲೂಕಿನ ಹಳ್ಳಿಯಲ್ಲಿ, ಮಳೆ ನಂಬಿಕೊಂಡ ಎರಡು ಎಕರೆ ಕಡಲೆಕಾಯಿ ಹೊಲದ ಹೆಣ್ಣುಮಗಳ ಫಾರಂ ಮೇಲೆ ಬಂದು ಕೂತದ್ದು ಹೇಗೆ? ಆ ದಾರಿಯಲ್ಲೇ ನಮ್ಮ ಗ್ರಾಮೀಣ ಆರೋಗ್ಯದ ಮೇಲೆ ಸರ್ಕಾರ ಮಾಡಿದ ಖರ್ಚಿನ ಚರಿತ್ರೆಯೂ ಇದೆ.

ಚರಿತ್ರೆಯನ್ನು ನನ್ನ ಹುಟ್ಟಿನಿಂದಲೇ ಶುರುಮಾಡುತ್ತೇನೆ. 1979ರಲ್ಲಿ ನಾನು ಹುಟ್ಟಿದ್ದು ಅಮ್ಮನ ತೌರಿನ ನಡುಮನೆಯಲ್ಲಿ. ಹೆರಿಗೆ ಮಾಡಿಸಿದ್ದು ಊರಿನ ಸೂಲಗಿತ್ತಿ. ಊರಿಗೆಲ್ಲ ಆಕೆ ‘ಅಜ್ಜಿ’. ಹೆರಿಗೆಯ ಕೋಣೆಯೊಳಗೆ ಆಕೆಯ ಮಾತಿಗೆ ಎದುರಿರಲಿಲ್ಲ, ಮಿಕ್ಕ ದಿನಗಳಲ್ಲಿ ಆಕೆ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಸೂಲಗಿತ್ತಿಯರನ್ನು ಹೊಗಳುವುದು ಸರಿಯಲ್ಲ. ನನ್ನ ಹುಟ್ಟಿಗೆ ಆಕೆಗೆ ಸಿಕ್ಕಿದ್ದು ಒಂದು ಮೊರ ರಾಗಿ, ಬೆಲ್ಲದ ಅಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಒಂದು ಕುಪ್ಪಸದ ಕಣ. ಇಷ್ಟನ್ನು ಅಮ್ಮ ಈಗಲೂ ಬಾಯಲ್ಲೇ ಹೇಳುತ್ತಾರೆ. ಅದಕ್ಕೆ ಸಂಬಳ ಎಂಬ ಹೆಸರಿರಲಿಲ್ಲ, ಹಕ್ಕು ಎಂಬ ಹೆಸರೂ ಇರಲಿಲ್ಲ.

ನನಗೆ ಏಳೆಂಟು ವರ್ಷವಾಗಿದ್ದಾಗ ಅಜ್ಜಿಯ ಕೈಗೆ ಒಂದು ಡಬ್ಬಿ ಬಂತು. ಸರ್ಕಾರದ ದಾಯಿ ತರಬೇತಿ ಮುಗಿಸಿದವರಿಗೆ ಕೊಡುತ್ತಿದ್ದ ಹೆರಿಗೆ ಡಬ್ಬಿ ಅದು. ತರಬೇತಿ 30 ದಿನ, ಆ ಅವಧಿಗೆ 300 ರೂಪಾಯಿ. ಆಮೇಲೆ ಮಾಡಿಸಿದ ಹೆರಿಗೆಯನ್ನು ಉಪಕೇಂದ್ರದಲ್ಲಿ ಬರೆಸಿದರೆ ಹೆರಿಗೆಗೆ 10 ರೂಪಾಯಿ. ಹತ್ತು ರೂಪಾಯಿಗಾಗಿ ಉಪಕೇಂದ್ರದವರೆಗೆ ನಡೆದು ಹೋಗಿ ಬರುವುದಕ್ಕಿಂತ ಮೊರದ ರಾಗಿಯೇ ವಾಸಿ ಎಂದು ಅಜ್ಜಿ ಅನ್ನುತ್ತಿದ್ದಳಂತೆ. ಡಬ್ಬಿಯನ್ನು ಮಾತ್ರ ದೇವರ ಗೂಡಿನ ಪಕ್ಕ ಇಟ್ಟುಕೊಂಡಿದ್ದಳು.

ನಮ್ಮದೇ ಜಿಲ್ಲೆಯ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅಮ್ಮ ಟಿವಿ ಮುಂದೆ ಕೂತು ಕಣ್ಣೊರೆಸಿಕೊಂಡರು. ನನಗೆ ಗೂಡಿನ ಪಕ್ಕದ ಆ ಡಬ್ಬಿ ನೆನಪಾಯಿತು. ಗೌರವ ಮತ್ತು ಧನ ಒಟ್ಟಿಗೆ ಬರುವುದು ಎಷ್ಟು ಅಪರೂಪ.

*

ಹಳ್ಳಿಯ ಆರೋಗ್ಯಕ್ಕೆ ಸರ್ಕಾರ ಹಣ ಕೊಡಬೇಕು ಎಂಬ ಯೋಚನೆ ನಮ್ಮಲ್ಲಿ ಸ್ವಾತಂತ್ರ್ಯಕ್ಕಿಂತ ಹಳೆಯದು. ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1929ರಲ್ಲಿ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ತೆರೆಯಿತು. ಆ ಪ್ರತಿಷ್ಠಾನ ಹಣ ಕೊಡುವುದಕ್ಕೆ ಒಂದು ಪದ್ಧತಿ ಇತ್ತು. ಮೊದಮೊದಲು ಖರ್ಚಿನ ದೊಡ್ಡ ಪಾಲು ಹೊರಗಿನಿಂದ ಬರುತ್ತದೆ. ವರ್ಷ ಕಳೆದಂತೆ ಆ ಪಾಲು ಇಳಿಯುತ್ತದೆ, ಸ್ಥಳೀಯ ಸರ್ಕಾರದ ಪಾಲು ಏರುತ್ತದೆ. ಕೊನೆಗೆ ಎಲ್ಲವೂ ಸ್ಥಳೀಯ ಸರ್ಕಾರದ ತಲೆಯ ಮೇಲೆ. ಈ ಪದ್ಧತಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ದೆಹಲಿ ಮತ್ತು ರಾಜ್ಯಗಳ ನಡುವೆ ನಡೆದ ಹಗ್ಗಜಗ್ಗಾಟದಲ್ಲೂ ಇದರ ನೆರಳಿದೆ.

ಇಡೀ ದೇಶಕ್ಕೆ ನಕ್ಷೆ ಹಾಕಿದ್ದು ಭೋರ್ ಸಮಿತಿ. 1943ರಲ್ಲಿ ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಅದರ ಅಂಕಿಅಂಶ ಓದಿದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6,300 ಜನಕ್ಕೆ ಒಬ್ಬ ವೈದ್ಯ, 43,000 ಜನಕ್ಕೆ ಒಬ್ಬ ನರ್ಸ್, 60,000 ಜನಕ್ಕೆ ಒಬ್ಬ ತರಬೇತಾದ ಸೂಲಗಿತ್ತಿ. 40,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಲಿ, ಅಲ್ಲಿ ಇಬ್ಬರು ವೈದ್ಯರು, ನಾಲ್ವರು ಸಾರ್ವಜನಿಕ ಆರೋಗ್ಯ ನರ್ಸುಗಳು, ನಾಲ್ವರು ಮಿಡ್‌ವೈಫ್‌ಗಳು, ನಾಲ್ವರು ತರಬೇತಾದ ದಾಯಿಯರು ಇರಲಿ ಎಂದು ಸಮಿತಿ ಹೇಳಿತು. ಗಮನಿಸಿ, ಆ ಪಟ್ಟಿಯಲ್ಲಿ ದಾಯಿಗೂ ಜಾಗವಿತ್ತು. ಆಕೆ ಸಿಬ್ಬಂದಿಯ ಲೆಕ್ಕದಲ್ಲಿದ್ದಳು.

ಅದೇ ವರದಿ ಮಾಡಿದ ಇನ್ನೊಂದು ಶಿಫಾರಸು ಹಳ್ಳಿಗಳಿಗೆ ದುಬಾರಿಯಾಯಿತು. ಆಗ ದೇಶದಲ್ಲಿದ್ದ ಸುಮಾರು 47,500 ವೈದ್ಯರಲ್ಲಿ ಹೆಚ್ಚು ಕಡಿಮೆ 30,000 ಮಂದಿ ಪದವೀಧರರಲ್ಲ, ಎಲ್‌ಎಂಪಿಗಳು. ಕಡಿಮೆ ಅವಧಿಯ ಓದು ಮುಗಿಸಿ ಪರವಾನಗಿ ಪಡೆದವರು. ನಮ್ಮ ತಾತಂದಿರು ‘ಎಲ್‌ಎಂಪಿ ಡಾಕ್ಟ್ರು’ ಎಂದು ಕರೆಯುತ್ತಿದ್ದದ್ದು ಇವರನ್ನೇ. ಇನ್ನು ಮುಂದೆ ಒಂದೇ ಮಟ್ಟದ, ಪೂರ್ತಿ ಪದವಿ ಪಡೆದ ವೈದ್ಯರು ಸಾಕು ಎಂದು ಸಮಿತಿಯ ಬಹುಮತ ತೀರ್ಮಾನಿಸಿತು. ಒಪ್ಪದವರೂ ಒಳಗೇ ಇದ್ದರು. ಹಳ್ಳಿಯವನಿಗೆ ಎರಡನೆಯ ದರ್ಜೆಯ ವೈದ್ಯ ಏಕೆ ಎಂಬ ಬಹುಮತದ ನ್ಯಾಯ ತಳ್ಳಿಹಾಕುವಂಥದ್ದಲ್ಲ. ಆದರೆ ಎಂಬಿಬಿಎಸ್ ಮುಗಿಸಿದವರು ಹಳ್ಳಿಗೆ ಬರಲಿಲ್ಲ. ಬಾರದವರನ್ನು ಬರಿಸುವ ಸಾಹಸ ಇಂದಿಗೂ ಮುಗಿದಿಲ್ಲ. ನಮ್ಮ ರಾಜ್ಯವೇ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆ ಮಾಡಬೇಕಾಯಿತು. ಬಂದವರಿಗೆ ಸಂಬಳ, ಭತ್ಯೆ, ಉನ್ನತ ವ್ಯಾಸಂಗಕ್ಕೆ ಆದ್ಯತೆ. ವೈದ್ಯರ ವಿಷಯದಲ್ಲಿ ಸರ್ಕಾರ ಎಂದೂ ಗೌರವಧನದ ಮಾತಾಡಲಿಲ್ಲ.

*

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಅದರ ಬ್ಲಾಕುಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಎದ್ದವು. ಭೋರ್ ಹೇಳಿದಷ್ಟು ಸಿಬ್ಬಂದಿ ಇಲ್ಲ, ಜನಸಂಖ್ಯೆ ಮಾತ್ರ ಭೋರ್ ಹೇಳಿದ್ದಕ್ಕಿಂತ ಹೆಚ್ಚು. ಕೇಂದ್ರ ಕಟ್ಟಿದರೂ ಜನ ಬರುವುದಿಲ್ಲ, ಅವರಿಗೆ ತಿಳಿವಳಿಕೆ ಇಲ್ಲ ಎಂಬ ಮಾತು ಆಗಲೇ ಚಾಲ್ತಿಗೆ ಬಂದಿತ್ತು.

ಈ ಮಾತು ಸುಳ್ಳು ಎಂದು ತೋರಿಸಿಕೊಟ್ಟದ್ದು ನಮ್ಮದೇ ತುಮಕೂರು ಜಿಲ್ಲೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದರ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯದ ಸಮೀಕ್ಷೆ ಮಾಡಿದರು. ಅಲ್ಲಿ ಸಿಕ್ಕ ರೋಗಿಗಳನ್ನು ಸಮಾಜ ವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಮಾತಾಡಿಸಿದರು. 1963ರಲ್ಲಿ ಅವರ ಲೇಖನ ಅಚ್ಚಾಯಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಗೊತ್ತಿತ್ತು. ಹೆಚ್ಚಿನವರಿಗೆ ಅದು ಚಿಂತೆಯಾಗಿತ್ತು. ಅರ್ಧದಷ್ಟು ಜನ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಇದ್ದರು. ಹೋದವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಒಂದು ಬಾಟಲಿ ಕೆಮ್ಮಿನ ಔಷಧ. ಜನ ಬಂದಿದ್ದರು, ಅವರ ಕಫ ಪರೀಕ್ಷಿಸಿ ರೋಗ ಹಿಡಿಯುವ ಕೈ ಕೇಂದ್ರದಲ್ಲಿ ಇರಲಿಲ್ಲ.

ನನ್ನ ಮಟ್ಟಿಗೆ ಇದು ಗ್ರಾಮೀಣ ಆರೋಗ್ಯದ ಚರಿತ್ರೆಯಲ್ಲಿ ಬಹಳ ದೊಡ್ಡ ಶೋಧ. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಈ ಕೆಲಸದ ಮೇಲೆಯೇ ರೂಪುಗೊಂಡಿತು. ಪ್ರತ್ಯೇಕ ದೊಡ್ಡ ಆಸ್ಪತ್ರೆ ಬೇಡ, ಹಳ್ಳಿಯ ಹತ್ತಿರದ ಕೇಂದ್ರದಲ್ಲೇ ಕಫ ಪರೀಕ್ಷೆಯಾಗಲಿ, ಮನೆಯಲ್ಲೇ ಇದ್ದು ರೋಗಿ ಔಷಧ ತೆಗೆದುಕೊಳ್ಳಲಿ. ಭಾರತದ ಕ್ಷಯ ನಿಯಂತ್ರಣದ ಕೆಲಸದಲ್ಲಿ ವರ್ಷಗಟ್ಟಲೆ ದುಡಿದ ಹಾಫ್‌ಡನ್ ಮಾಲರ್ ಎಂಬ ಡೆನ್ಮಾರ್ಕಿನ ವೈದ್ಯ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. ಅವರ ಕಾಲದಲ್ಲೇ, 1978ರಲ್ಲಿ, ಅಲ್ಮಾ ಅಟಾದಲ್ಲಿ ‘ಎಲ್ಲರಿಗೂ ಆರೋಗ್ಯ’ದ ಘೋಷಣೆ ಹೊರಟಿತು. ಸಮುದಾಯದ ಆರೋಗ್ಯ ಕಾರ್ಯಕರ್ತರೂ ಅಗತ್ಯವಿದ್ದಲ್ಲಿ ಸೂಲಗಿತ್ತಿಯರಂಥ ಸಾಂಪ್ರದಾಯಿಕ ಕಸುಬುದಾರರೂ ಈ ವ್ಯವಸ್ಥೆಯ ಭಾಗ ಎಂದು ಆ ಘೋಷಣೆ ಒಪ್ಪಿಕೊಂಡಿತು.

*

ಅಲ್ಮಾ ಅಟಾಕ್ಕೂ ಒಂದು ವರ್ಷ ಮೊದಲೇ ಭಾರತ ತನ್ನ ಪ್ರಯೋಗ ಆರಂಭಿಸಿಬಿಟ್ಟಿತ್ತು. ಇಲ್ಲಿಯೇ ಅತ್ತಿಗೆಯ ಪ್ರಶ್ನೆಗೆ ಉತ್ತರದ ಎಳೆ ಸಿಗುವುದು.

ಎಪ್ಪತ್ತರ ದಶಕದಲ್ಲಿ ಎರಡು ಮಾದರಿಗಳು ಎಲ್ಲರ ಬಾಯಲ್ಲಿದ್ದವು. ಒಂದು ಚೀನಾದ ಬರಿಗಾಲ ವೈದ್ಯರು. ಇನ್ನೊಂದು ಮಹಾರಾಷ್ಟ್ರದ ಜಾಮಖೇಡ. ಅಲ್ಲಿ 1970ರಿಂದ ಕೆಲಸ ಮಾಡುತ್ತಿದ್ದ ರಜನೀಕಾಂತ್ ಮತ್ತು ಮೇಬೆಲ್ ಆರೋಳೆ ದಂಪತಿ ಓದುಬರಹ ಬಾರದ ಹಳ್ಳಿ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದ್ದರು. 1975ರಲ್ಲಿ ಶ್ರೀವಾಸ್ತವ ಸಮಿತಿಯೂ ಅದೇ ಧಾಟಿಯಲ್ಲಿ ಮಾತಾಡಿತು. ಊರಿನವರ ಆರೋಗ್ಯವನ್ನು ಊರಿನವರೇ ನೋಡಿಕೊಳ್ಳುವಂತೆ ಅರೆಕಾಲಿಕ ಕಾರ್ಯಕರ್ತರ ಪಡೆ ಬೇಕು ಎಂದಿತು. ಇದರ ಹಿಂದೆ ಒಂದು ಒಳ್ಳೆಯ ಆದರ್ಶವಿತ್ತು. ಆರೋಗ್ಯ ಕಾರ್ಯಕರ್ತೆ ಸರ್ಕಾರದ ಆಳಾದರೆ ಸರ್ಕಾರಕ್ಕೆ ಉತ್ತರ ಕೊಡುತ್ತಾಳೆ, ಊರಿನವಳಾದರೆ ಊರಿಗೆ ಉತ್ತರ ಕೊಡುತ್ತಾಳೆ. ಈ ವಾದವನ್ನು ನಾನು ಇವತ್ತಿಗೂ ಹಗುರವಾಗಿ ಕಾಣಲಾರೆ.

ಆದರೆ ಚೀನಾದಿಂದ ಆದರ್ಶವನ್ನು ತಂದವರು ಲೆಕ್ಕದ ಪುಸ್ತಕವನ್ನು ಅಲ್ಲೇ ಬಿಟ್ಟು ಬಂದರು. ಬರಿಗಾಲ ವೈದ್ಯರಿಗೆ ಅವರ ಕಮ್ಯೂನು ದುಡಿಮೆಯ ಅಂಕ ಕೊಡುತ್ತಿತ್ತು. ಗದ್ದೆಯಲ್ಲಿ ದುಡಿದವನಿಗೆ ಹೇಗೋ, ರೋಗಿ ನೋಡಿದವನಿಗೂ ಹಾಗೇ ಸುಗ್ಗಿಯಲ್ಲಿ ಪಾಲು ಸಿಗುತ್ತಿತ್ತು. ಎಂಬತ್ತರ ದಶಕದಲ್ಲಿ ಕಮ್ಯೂನುಗಳು ಒಡೆದಾಗ ಆ ಪಾಲು ನಿಂತಿತು, ವ್ಯವಸ್ಥೆಯೂ ಕುಸಿಯಿತು. ಸೇವಾ ಮನೋಭಾವದ ಬುಡದಲ್ಲಿ ಭತ್ತದ ಪಾಲು ಇತ್ತು ಎಂಬುದು ಆಗ ಗೊತ್ತಾಯಿತು.

1977ರ ಅಕ್ಟೋಬರ್ 2ರಂದು ಜನತಾ ಸರ್ಕಾರ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆಯನ್ನು ಜಾರಿಗೆ ತಂದಿತು. ಆರೋಗ್ಯ ಸಚಿವರು ರಾಜ್ ನಾರಾಯಣ್. ಜನರ ಆರೋಗ್ಯ ಜನರ ಕೈಯಲ್ಲಿ ಎಂಬುದು ಘೋಷಣೆ. ಸಾವಿರ ಜನಕ್ಕೆ ಒಬ್ಬರು. ಊರಿನವರೇ ಆರಿಸಬೇಕು. ಮೂರು ತಿಂಗಳ ತರಬೇತಿ, ಆ ಅವಧಿಯಲ್ಲಿ ತಿಂಗಳಿಗೆ 200 ರೂಪಾಯಿ ಭತ್ಯೆ. ಆಮೇಲೆ ಒಂದು ಕೈಪಿಡಿ, ಒಂದು ಔಷಧದ ಪೆಟ್ಟಿಗೆ, ಮತ್ತು ತಿಂಗಳಿಗೆ 50 ರೂಪಾಯಿ. ಈ ಐವತ್ತಕ್ಕೆ ಸರ್ಕಾರಿ ಕಡತದಲ್ಲಿದ್ದ ಹೆಸರು ಆನರೇರಿಯಂ, ಗೌರವಧನ. ಕಲಿಯುವಾಗ ಇನ್ನೂರು, ಕೆಲಸ ಮಾಡುವಾಗ ಐವತ್ತು. ದಿನಕ್ಕೆ ಎರಡು ಮೂರು ಗಂಟೆಯ ಸೇವೆ, ಹೊಟ್ಟೆಪಾಡಿಗೆ ಅವರಿಗೆ ಬೇರೆ ಕಸುಬು ಇದ್ದೇ ಇರುತ್ತದೆ ಎಂಬುದು ಇದರ ಹಿಂದಿನ ಲೆಕ್ಕ.

ಒಂದು ಸಂಗತಿ ನನಗೆ ಅಚ್ಚರಿ ತಂದಿತು. ಈ ಯೋಜನೆಗೆ ಶುರುವಿನಲ್ಲಿ ಸೇರದ ಕೆಲವೇ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೇರಳ, ತಮಿಳುನಾಡು, ಜಮ್ಮು ಮತ್ತು ಕಾಶ್ಮೀರವೂ ಹೊರಗಿದ್ದವು. ತಮ್ಮಲ್ಲಿ ಬೇರೆ ವ್ಯವಸ್ಥೆ ಇದೆ ಎಂಬುದು ಈ ರಾಜ್ಯಗಳ ನಿಲುವು. ಹಾಗಾಗಿ ನಾನು ಹುಟ್ಟಿದಾಗ ಅಮ್ಮನ ಊರಿಗೆ ಐವತ್ತು ರೂಪಾಯಿಯ ಕಾರ್ಯಕರ್ತ ಬಂದಿರಲಿಲ್ಲ, ಮೊರದ ರಾಗಿಯ ಅಜ್ಜಿಯೇ ಇದ್ದಳು.

*

ಆ ಐವತ್ತು ರೂಪಾಯಿಯ ಮುಂದಿನ ಕಥೆಯನ್ನು ಅದರ ಹೆಸರುಗಳ ಮೂಲಕವೇ ಹೇಳಬಹುದು. 1977ರಲ್ಲಿ ‘ಕಾರ್ಯಕರ್ತ’. 1980ರಲ್ಲಿ ‘ಸ್ವಯಂಸೇವಕ’. 1981ರಲ್ಲಿ ‘ಆರೋಗ್ಯ ಮಾರ್ಗದರ್ಶಿ’. ಕಾರ್ಯಕರ್ತ ಎಂದರೆ ಕಾರ್ಯಕ್ಕೆ ಕೂಲಿ ಕೇಳಬಹುದು. ಸ್ವಯಂಸೇವಕ ಕೇಳುವುದು ಹೇಗೆ? ಮಾರ್ಗದರ್ಶಿಯಂತೂ ಕೇಳಲೇಬಾರದು. ಪದಗಳನ್ನು ನಂಬಿ ಬದುಕುವ ನಮ್ಮಂಥವರು ಇಂಥ ಕಡೆ ಕಣ್ಣಿಡಬೇಕು. ಹೆಸರು ಮೇಲೇರಿದಂತೆ ಹಕ್ಕು ಕೆಳಗಿಳಿಯಿತು. ಐವತ್ತು ಐವತ್ತಾಗಿಯೇ ಉಳಿಯಿತು.

ಹಣ ಯಾರದು ಎಂಬ ಜಗ್ಗಾಟ ಬೇರೆ. ಮೊದಲು ಪೂರ್ತಿ ಕೇಂದ್ರದ್ದು, 1979ರಲ್ಲಿ ಅರ್ಧ ರಾಜ್ಯದ್ದು, 1981ರಲ್ಲಿ ಮತ್ತೆ ಪೂರ್ತಿ ಕೇಂದ್ರದ್ದು. ಈ ಸಲ ಹಣ ಬಂದದ್ದು ಕುಟುಂಬ ಕಲ್ಯಾಣದ ಬಾಬ್ತಿನಿಂದ. ಉಪಕೇಂದ್ರದ ಎಎನ್‌ಎಂ ಸಿಸ್ಟರ್‌ಗಳ ಸಂಬಳವೂ ಬಹುಕಾಲ ಅದೇ ಬಾಬ್ತಿನಿಂದ ಬರುತ್ತಿತ್ತು. ಯಾವ ತಲೆಬರಹದ ಕೆಳಗೆ ಹಣ ಬರುತ್ತದೋ ಆ ಕೆಲಸವೇ ಮೊದಲಾಗುತ್ತದೆ. ಎಂಬತ್ತರ ದಶಕದಲ್ಲಿ ಸಿಸ್ಟರ್ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಬಂದರೆ ‘ಆಪರೇಷನ್ ಅಮ್ಮ ಬಂದ್ಲು’ ಎಂದು ಹೆಂಗಸರು ಹಿತ್ತಿಲಿಗೆ ಹೋಗುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಆಕೆಗೆ ಜ್ವರ ನೋಡುವುದು ಗೊತ್ತಿತ್ತು, ಗರ್ಭಿಣಿಯ ಹೊಟ್ಟೆ ಮುಟ್ಟಿ ಮಗುವಿನ ನೆಲೆ ಹೇಳುವುದು ಗೊತ್ತಿತ್ತು. ಮೇಲಿನವರು ಕೇಳುತ್ತಿದ್ದದ್ದು ಆಪರೇಷನ್ನಿನ ಗುರಿ. ಆ ಗುರಿಪದ್ಧತಿಯನ್ನು ಸರ್ಕಾರ ಅಧಿಕೃತವಾಗಿ ಕೈಬಿಟ್ಟದ್ದು 1996ರಲ್ಲಿ.

ಆರೋಗ್ಯ ಮಾರ್ಗದರ್ಶಿಗಳಲ್ಲಿ ಹೆಚ್ಚಿನವರು ಗಂಡಸರು. ತಾಯಿ ಮಗುವಿನ ಆರೋಗ್ಯ ಮುಖ್ಯ ಕೆಲಸವಾಗಿದ್ದರೂ ಊರ ಮುಖಂಡರು ಆರಿಸಿದ್ದು ತಮ್ಮ ಕಡೆಯ ಹುಡುಗರನ್ನು. ಐವತ್ತು ರೂಪಾಯಿ ಸಣ್ಣದಾದರೂ ಸರ್ಕಾರದ್ದು, ಮುಂದೆ ಕಾಯಂ ಆದೀತು ಎಂಬ ಆಸೆ. 1986ರಲ್ಲಿ ಗಂಡಸರ ಬದಲು ಹೆಂಗಸರನ್ನು ತೆಗೆದುಕೊಳ್ಳಿ ಎಂಬ ಆದೇಶ ಹೊರಟಿತು. ಇದ್ದವರು ಬಿಡಲೊಪ್ಪದೆ ಕೋರ್ಟಿಗೆ ಹೋದರು. ಯೋಜನೆ ಸಾಯಲೂ ಇಲ್ಲ, ಬದುಕಲೂ ಇಲ್ಲ. 2002ರಲ್ಲಿ ಕೇಂದ್ರದ ಹಣ ನಿಂತಿತು. ಇಪ್ಪತ್ತೈದು ವರ್ಷದ ದೊಡ್ಡ ಪ್ರಯೋಗವೊಂದು ಯಾರೂ ಅಳದೆ ಮುಗಿದುಹೋಯಿತು.

*

ಮೂರೇ ವರ್ಷದಲ್ಲಿ ಅದು ಬೇರೆ ರೂಪದಲ್ಲಿ ಎದ್ದು ಬಂತು. 2005ರ ಏಪ್ರಿಲ್ 12ರಂದು ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾಯಿತು. ಅದರ ಜೊತೆ ‘ಆಶಾ’ ಬಂದಳು. ಈ ಸಲ ಹಳೆಯ ತಪ್ಪೊಂದನ್ನು ತಿದ್ದಿದರು. ಆಕೆ ಹೆಂಗಸೇ ಆಗಿರಬೇಕು, ಅದೇ ಊರಿನ ಸೊಸೆಯೋ ವಿಧವೆಯೋ ಗಂಡನಿಂದ ಬೇರಾದವಳೋ ಆಗಿರಬೇಕು, ಎಂಟನೆಯ ತರಗತಿಯವರೆಗೆ ಓದಿರಬೇಕು. ಸಾವಿರ ಜನಕ್ಕೆ ಒಬ್ಬಳು ಎಂಬ ಹಳೆಯ ಅಳತೆಯೇ ಉಳಿಯಿತು. ಮೊದಲು ಹಿಂದುಳಿದ ರಾಜ್ಯಗಳಿಗೆಂದು ಇದ್ದದ್ದು ಆಮೇಲೆ ನಮ್ಮಲ್ಲಿಗೂ ಬಂತು. ಕರ್ನಾಟಕ ಈ ಸಲ ಹೊರಗೆ ನಿಲ್ಲಲಿಲ್ಲ.

ಹಣದ ವಿಷಯದಲ್ಲಿ ಮಾತ್ರ ಹೊಸ ತಿರುವು. ಐವತ್ತು ರೂಪಾಯಿಯ ಗೌರವಧನ ಎಷ್ಟೇ ಸಣ್ಣದಾದರೂ ತಿಂಗಳಿಗೊಮ್ಮೆ ಬರುತ್ತಿತ್ತು. ಆಶಾಳಿಗೆ ಮೂಲ ಯೋಜನೆಯಲ್ಲಿ ಅದೂ ಇರಲಿಲ್ಲ. ಬಂದದ್ದು ಪ್ರೋತ್ಸಾಹಧನ. ಕೆಲಸಕ್ಕೆ ಇಷ್ಟು, ತಲೆಗೆ ಇಷ್ಟು. ಬೀಡಿ ಕಟ್ಟುವವರ ಲೆಕ್ಕವೂ ಹೀಗೆಯೇ, ಸಾವಿರ ಬೀಡಿಗೆ ಇಷ್ಟು. ಕೇಂದ್ರ ಸರ್ಕಾರ ತಿಂಗಳ ವಾಡಿಕೆ ಕೆಲಸಗಳ ಪ್ರೋತ್ಸಾಹಧನವನ್ನು 2018ರಲ್ಲಿ 1,000ದಿಂದ 2,000ಕ್ಕೆ ಏರಿಸಿತು. ನಮ್ಮ ರಾಜ್ಯ ತನ್ನ ಕಡೆಯಿಂದ ತಿಂಗಳಿಗೆ 5,000 ನಿಗದಿ ಮಾಡಿತು. ಅದಕ್ಕೇ ಅತ್ತಿಗೆಯ ಫಾರಂ ಮೇಲೆ ಎರಡೂ ಹೆಸರು ಇದ್ದದ್ದು.

ಇಷ್ಟು ಹಣದಿಂದ ಏನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. 2005-06ರಲ್ಲಿ ದೇಶದ ನೂರು ಹೆರಿಗೆಗಳಲ್ಲಿ 39 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2015-16ರ ಹೊತ್ತಿಗೆ ಅದು 79 ಆಯಿತು, 2019-21ರ ಸಮೀಕ್ಷೆಯಲ್ಲಿ 89. ಇದಕ್ಕೆ ರಸ್ತೆ, 108 ಆಂಬುಲೆನ್ಸ್, ತಾಯಂದಿರಿಗೆ ಕೊಟ್ಟ ಹಣ, ಹೆಣ್ಣುಮಕ್ಕಳ ಓದು, ಎಲ್ಲವೂ ಕಾರಣ. ಆದರೆ ನಡುರಾತ್ರಿ ನೋವು ಬಂದ ಹೆಂಗಸಿನ ಜೊತೆ ಆಂಬುಲೆನ್ಸ್ ಹತ್ತಿದವರು ನಮ್ಮ ಅತ್ತಿಗೆಯಂಥವರು. ಅಜ್ಜಿಯ ಕೆಲಸದ ಅರ್ಧ ಆಸ್ಪತ್ರೆಗೆ ಹೋಯಿತು. ಕೈ ಹಿಡಿದುಕೊಂಡು ಧೈರ್ಯ ಹೇಳುವ ಇನ್ನರ್ಧ ಅತ್ತಿಗೆಯ ಪಾಲಿಗೆ ಬಂತು. ಆ ಅರ್ಧಕ್ಕೆ ಫಾರಂನಲ್ಲಿ ಸಾಲಿಲ್ಲ.

ಪ್ರೋತ್ಸಾಹಧನದ ತೊಡಕು ಇದೇ. ಎಣಿಸಲು ಬರುವ ಕೆಲಸಕ್ಕೆ ದರ ಇದೆ. ಗಂಡನ ಕುಡಿತಕ್ಕೆ ಹೆದರಿ ಬಂದ ಬಾಣಂತಿಯನ್ನು ಒಂದು ರಾತ್ರಿ ಮನೆಯಲ್ಲಿ ಇಟ್ಟುಕೊಂಡದ್ದಕ್ಕೆ ದರ ಇಲ್ಲ. ಚುಚ್ಚುಮದ್ದು ಬೇಡ ಎಂದವರ ಮನೆಗೆ ನಾಲ್ಕನೆಯ ಸಲ ಹೋದದ್ದಕ್ಕೆ ದರ ಇಲ್ಲ. ಕೋವಿಡ್ ಕಾಲದಲ್ಲಿ ಊರಿಗೆ ಮರಳಿದವರ ಪಟ್ಟಿ ಹಿಡಿದು ಮನೆಮನೆಗೆ ಹೋದಾಗ ಬೈಗುಳ ತಿಂದದ್ದಕ್ಕಂತೂ ದರ ಕಟ್ಟಲಾಗದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. ಗೌರವ ಬಂತು. ಧನದ ಮಾತು ಹಾಗೇ ಉಳಿಯಿತು.

ಇದೇ ಹೊತ್ತಿನಲ್ಲಿ ಗ್ರಾಮೀಣ ಆರೋಗ್ಯಕ್ಕೆ ಸರ್ಕಾರದ ಹಣ ಬರಲೇ ಇಲ್ಲ ಎಂದಲ್ಲ. ಹದಿನೈದನೆಯ ಹಣಕಾಸು ಆಯೋಗ 2021ರಿಂದ ಐದು ವರ್ಷಕ್ಕೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ 70,051 ಕೋಟಿ ರೂಪಾಯಿ ಶಿಫಾರಸು ಮಾಡಿತು. ಸ್ವಂತ ಕಟ್ಟಡವಿಲ್ಲದ ಉಪಕೇಂದ್ರಗಳಿಗೆ ಕಟ್ಟಡ, ತಪಾಸಣೆಯ ಸೌಕರ್ಯ, ಬ್ಲಾಕ್ ಮಟ್ಟದ ಘಟಕಗಳು ಅದರ ಬಾಬ್ತುಗಳು. ಬೇಕಾದವೇ. ಕಟ್ಟಡಕ್ಕೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ಫಲಕ ಹಾಕಬಹುದು. ಮನುಷ್ಯರಿಗೆ ತಿಂಗಳು ತಿಂಗಳೂ ಕೊಡಬೇಕು. ಮಂಡ್ಯದ ಕಾಲದಿಂದ ಇಲ್ಲಿಯವರೆಗೆ ಎಲ್ಲ ಸರ್ಕಾರಗಳಿಗೂ ಕಷ್ಟವಾಗಿರುವುದು ಆ ‘ತಿಂಗಳು ತಿಂಗಳು’.

*

ಸಂಬಳ ಕೊಟ್ಟರೆ ಆಕೆಯೂ ಕಚೇರಿಯವಳಾಗುತ್ತಾಳೆ, ಊರಿನ ನಂಟು ಕಳೆದುಕೊಳ್ಳುತ್ತಾಳೆ ಎಂದು ನನ್ನ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ಎಪ್ಪತ್ತರ ದಶಕದ ಆದರ್ಶದ ಮಾತೇ ಇದು. ಆದರೆ ಅತ್ತಿಗೆ ಈಗಲೇ ಹತ್ತಕ್ಕೂ ಹೆಚ್ಚು ದಾಖಲೆ ಪುಸ್ತಕ ಬರೆಯುತ್ತಾರೆ, ಮೊಬೈಲಿನಲ್ಲಿ ಫೋಟೋ ಹಾಕುತ್ತಾರೆ, ಕರೆದಾಗ ಸಭೆಗೆ ಓಡುತ್ತಾರೆ. ಕಚೇರಿಯ ಕೆಲಸವೆಲ್ಲ ಬಂದಾಗಿದೆ, ಕಚೇರಿಯ ಸಂಬಳ ಮಾತ್ರ ಬಂದಿಲ್ಲ. ಅವರು ಊರಿಗೆ ಉತ್ತರ ಕೊಡುವುದು ಸಂಬಳ ಇಲ್ಲ ಎಂಬ ಕಾರಣಕ್ಕಲ್ಲ. ಆ ಊರಲ್ಲೇ ನೀರು ಹಿಡಿಯಬೇಕು, ಆ ಊರಲ್ಲೇ ಮಗಳ ಮದುವೆ ಮಾಡಬೇಕು, ಅದಕ್ಕೆ.

ನ್ಯಾಯಾಲಯಗಳೂ ಈ ಪದದ ಸುತ್ತ ಸುತ್ತಿವೆ. ಗೌರವಧನದ ಮೇಲೆಯೇ ದುಡಿಯುವ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯವರಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆ ಮೊಕದ್ದಮೆ ಹೋದದ್ದು ಕರ್ನಾಟಕದಿಂದ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ ಅದೇ ಕೋರ್ಟ್ ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕು, ಆ ಕಾಯ್ದೆಯ ಮಟ್ಟಿಗೆ ಗೌರವಧನವೂ ವೇತನವೇ ಎಂದಿತು. ಹದಿನಾರು ವರ್ಷದಲ್ಲಿ ಒಂದು ಪದದ ಅರ್ಥ ಅಷ್ಟು ದೂರ ನಡೆಯಿತು. ಆಶಾ ಕಾರ್ಯಕರ್ತೆಯರಿಗೆ ಅದು ಇನ್ನೂ ತಲುಪಬೇಕಿದೆ.

ಜನವರಿ 10ರಂದು, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಕೈಗೆ ಬರುವಂತೆ ಮಾಡುವ ಭರವಸೆ ಸಿಕ್ಕಿ ಧರಣಿ ಮುಗಿಯಿತು. ಅದು ಜಾರಿಯಾಗಲಿ ಎಂದು ಕೇಳಲು ಅದೇ ವರ್ಷದ ಆಗಸ್ಟಿನಲ್ಲಿ ಅವರೆಲ್ಲ ಮತ್ತೆ ಫ್ರೀಡಂ ಪಾರ್ಕಿಗೆ ಬರಬೇಕಾಯಿತು. ಈ ಸಲ ಅತ್ತಿಗೆ ಕನ್ನಡಕ ಮರೆಯದೆ ತಂದಿದ್ದರು.

ಅಷ್ಟರಲ್ಲಿ ನಾನು ಇಷ್ಟನ್ನೆಲ್ಲ ಓದಿ ಟಿಪ್ಪಣಿ ಮಾಡಿಕೊಂಡಿದ್ದೆ. ಗೌರವಧನ ಎಂದು ಬರೆದವನು ಒಬ್ಬನಲ್ಲ, ಆದರ್ಶದಿಂದ ಕೆಲವರು ಬರೆದರು, ಆ ಆದರ್ಶದಲ್ಲಿ ಉಳಿತಾಯ ಕಂಡವರು ಅದನ್ನು ಅಳಿಸದೆ ಬಿಟ್ಟರು ಎಂದು ಹೇಳಿದೆ. ರೋಮಿನ ಕಥೆ, ಚೀನಾದ ಕಥೆ, ಐವತ್ತು ರೂಪಾಯಿಯ ಕಥೆ ಎಲ್ಲ ಹೇಳಿದೆ. ಅತ್ತಿಗೆ ಅವರೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡರು. ಅಜ್ಜಿಯ ಹತ್ತು ರೂಪಾಯಿಯ ವಿಷಯ ಬಂದಾಗ ಮಾತ್ರ ಕೈ ನಿಲ್ಲಿಸಿದರು.

‘ಆ ಡಬ್ಬಿ ಈಗ ಎಲ್ಲೈತೆ?’ ಎಂದರು.

ಅಜ್ಜಿ ಸತ್ತಾಗ ಅವಳ ಜೊತೆಗೇ ಇಟ್ಟರಂತೆ ಎಂದೆ.

‘ಹಂಗಾದ್ರೆ ನನ್ನ ರಿಜಿಸ್ಟರ್ ಹತ್ತಿದಾವೆ’ ಎಂದು ನಕ್ಕರು. ಆಮೇಲೆ ಫೋನು ಬಂತು. ಊರಲ್ಲಿ ಒಬ್ಬಳಿಗೆ ದಿನ ತುಂಬಿತ್ತು. ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿ, ಮಲಗಲು ಎದ್ದರು.